ಓದುಗರ ಪ್ರಶ್ನೆ: ಹದಿನೈದು ವರ್ಷ ಆಡಿದ ಕ್ವಾರ್ಟರ್‌ಬ್ಯಾಕ್ ತಂಡ ಬಿಡಬೇಕೆ?

ಕ್ರೀಡಾ ಅಂಕಣಕ್ಕೆ ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಪತ್ರಗಳೆಲ್ಲ ಅಮೆರಿಕನ್ ಫುಟ್‌ಬಾಲ್ ಸುತ್ತಲೇ ಇವೆ. ಆ ಆಟದಲ್ಲಿ ಚೆಂಡೆಸೆದು ದಾಳಿ ನಡೆಸುವವನೇ ಕ್ವಾರ್ಟರ್‌ಬ್ಯಾಕ್, ಅವರ ಲೀಗಿನ (ಎನ್‌ಎಫ್‌ಎಲ್) ಫೈನಲ್ಲೇ ಸೂಪರ್ ಬೌಲ್. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹಣದ ಲೆಕ್ಕ ಡಾಲರ್‌ನಲ್ಲೇ ಇದೆ, ಕೋಟಿಯಲ್ಲಿ ಬರೆದಿದ್ದೇವೆ. ಅವರ ಹತ್ತು ಮಿಲಿಯನ್ ನಮ್ಮ ಒಂದು ಕೋಟಿ.

ಪ್ರಶ್ನೆ (ಕೊಪ್ಪಳ): ಮನ್ಯಾಗ ಅಣ್ಣ ತಮ್ಮರ ನಡುವ ಜಗಳ ಹತ್ತೈತ್ರಿ. ಒಬ್ಬ ಕ್ವಾರ್ಟರ್‌ಬ್ಯಾಕ್ ಹದಿನೈದು ವರ್ಷ ಒಂದೇ ತಂಡಕ್ಕ ಆಡ್ಯಾನ, ಸೂಪರ್ ಬೌಲ್ ಗೆದ್ದು ಕೊಟ್ಟಾನ. ಈಗ ವಯಸ್ಸು 38. ತಂಡ ಎರಡು ವರ್ಷದಿಂದ ಸೋಲಾಕತ್ತೈತಿ. ನಾ ಅಂತೀನಿ, ಕೊಹ್ಲಿ 2008ರಿಂದ ಆರ್‌ಸಿಬಿ ಬಿಡಲಿಲ್ಲ, 2025ಕ್ಕ ಕಪ್ ಬಂತು, ಇವನೂ ಹಂಗ ಇರಬೇಕು. ತಮ್ಮ ಅಂತಾನ, ಟಾಮ್ ಬ್ರೇಡಿ ಬಿಟ್ಟು ಹೋಗಿ ಗೆಲ್ಲಲಿಲ್ಲೇನು? ಯಾರದು ಖರೆ ಹೇಳ್ರಿ.

ಉತ್ತರ: ನಿಮ್ಮ ತಮ್ಮನ ಕಡೆಗೆ ತುಸು ವಾಲುತ್ತೇವೆ, ಆದರೆ ಅವರು ಹೇಳುವ ಕಾರಣಕ್ಕಲ್ಲ.

ಕೊಹ್ಲಿಯ ಉದಾಹರಣೆ ಇಲ್ಲಿ ನಿಲ್ಲುವುದಿಲ್ಲ. ತಂಡ ಎಷ್ಟೇ ಸೊರಗಿದ್ದರೂ ಬ್ಯಾಟ್ಸ್‌ಮನ್ ಒಬ್ಬನೇ ನಿಂತು ನೂರು ಹೊಡೆಯಬಹುದು. ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೈಗೆ ಬಂದ ಮೇಲೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಆ ಹೊತ್ತನ್ನು ದುಡಿದು ಕೊಡುವವರು ಅವನ ಮುಂದೆ ನಿಲ್ಲುವ ಐದು ಜನ ದೈತ್ಯರು, ಅಂದರೆ ಆಫೆನ್ಸಿವ್ ಲೈನ್. ಎಸೆದ ಚೆಂಡು ಹಿಡಿಯುವವರು ಬೇರೆ. ಎದುರಾಳಿಯನ್ನು 20 ಅಂಕದೊಳಗೆ ಕಟ್ಟಿಹಾಕುವ ಡಿಫೆನ್ಸ್ ಇನ್ನೂ ಬೇರೆ, ಅವರು ಆಡುವಾಗ ಇವನು ಬೆಂಚಿನ ಮೇಲೆ ಕೂತಿರುತ್ತಾನೆ. ಹಾಗಾಗಿ ‘ಬಿಡಬೇಕೆ’ ಎಂದು ಕೇಳುವ ಮೊದಲು ‘ಎಲ್ಲಿಗೆ ಹೋಗುತ್ತಾನೆ’ ಎಂದು ಕೇಳಬೇಕು. ಹೋಗುವ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಕೊರತೆಯಾಗಿದ್ದರೆ ಹೋಗಲಿ. ಅಲ್ಲಿ ಮತ್ತೂ ಮೂರು ತೂತುಗಳಿದ್ದರೆ ಬೇಡ.

ಬ್ರೇಡಿಯನ್ನೇ ನೋಡಿ. ಪೇಟ್ರಿಯಟ್ಸ್‌ನಲ್ಲಿ 20 ವರ್ಷ, ಆರು ಸೂಪರ್ ಬೌಲ್. 2020ರ ಮಾರ್ಚ್‌ನಲ್ಲಿ ಟ್ಯಾಂಪಾ ಬೇ ಬಕನಿಯರ್ಸ್ ಸೇರಿದಾಗ ಆ ತಂಡದ ಹಿಂದಿನ ಸಾಧನೆ 7 ಗೆಲುವು, 9 ಸೋಲು. ಆದರೆ ಸೋತದ್ದು ಯಾಕೆ? ಅವರ ಕ್ವಾರ್ಟರ್‌ಬ್ಯಾಕ್ 2019ರಲ್ಲಿ 30 ಸಲ ಚೆಂಡನ್ನು ಎದುರಾಳಿ ಕೈಗೆ ಎಸೆದಿದ್ದ. ಮೈಕ್ ಎವಾನ್ಸ್, ಕ್ರಿಸ್ ಗಾಡ್ವಿನ್‌ರಂಥ ಹಿಡಿಯುವವರು ಆಗಲೇ ಇದ್ದರು, ಡಿಫೆನ್ಸ್ ಬಲಿತಿತ್ತು. ಲೈನಿನ ಬಲತುದಿಗೆ ಒಬ್ಬ ಬೇಕಿತ್ತು, ಅದನ್ನೂ ಡ್ರಾಫ್ಟಿನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡು) 13ನೇ ಆಯ್ಕೆಯಾಗಿ ಟ್ರಿಸ್ಟನ್ ವರ್ಫ್ಸ್‌ನನ್ನು ತಂದು ತುಂಬಿಸಿದರು. ಆದರೂ ಕೂಡಲೇ ಹಳಿಗೆ ಬರಲಿಲ್ಲ. ಕೋವಿಡ್‌ನಿಂದ ಬೇಸಿಗೆಯ ಅಭ್ಯಾಸವಿಲ್ಲ, ನವೆಂಬರ್‌ನಲ್ಲಿ ಸೇಂಟ್ಸ್ ಎದುರು 38–3ರ ಹೀನಾಯ ಸೋಲು, 12 ಪಂದ್ಯ ಮುಗಿದಾಗ 7–5 (ಏಳು ಗೆಲುವು, ಐದು ಸೋಲು). ಆಮೇಲೆ ಒಂದೂ ಸೋಲಲಿಲ್ಲ. 2021ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಚೀಫ್ಸ್ ವಿರುದ್ಧ 31–9. ಆ ದಿನ ಚೀಫ್ಸ್‌ನ ಲೈನಿನ ಎರಡೂ ತುದಿಯ ಕಾಯಂ ಆಟಗಾರರು ಗಾಯಗೊಂಡು ಹೊರಗಿದ್ದರು. ಚೀಫ್ಸ್ ಕ್ವಾರ್ಟರ್‌ಬ್ಯಾಕ್, 25ರ ಹರೆಯದ ಮಹೋಮ್ಸ್ ಪಂದ್ಯವಿಡೀ ಓಡುತ್ತಲೇ ಇದ್ದ, 43ರ ಬ್ರೇಡಿ ನಿಂತಲ್ಲೇ ನಿಂತು ಎಸೆದ. ಲೈನ್ ಅಂದರೆ ಇದೇ.

ಮ್ಯಾಥ್ಯೂ ಸ್ಟಾಫರ್ಡ್ ಕಥೆ ಇನ್ನೂ ಚೊಕ್ಕ. ಡೆಟ್ರಾಯಿಟ್ ಲಯನ್ಸ್‌ಗೆ 12 ಋತು ಆಡಿ ಒಂದೂ ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. ರಾಮ್ಸ್‌ಗೆ ಹೋದ ಮೊದಲ ವರ್ಷವೇ ಸೂಪರ್ ಬೌಲ್, 2022ರ ಫೆಬ್ರವರಿ, ಬೆಂಗಾಲ್ಸ್ ಎದುರು 23–20.

ಈಗ ಮಗ್ಗುಲ ಮುಳ್ಳುಗಳು. ರಸೆಲ್ ವಿಲ್ಸನ್ ಸಿಯಾಟಲ್ ಸೀಹಾಕ್ಸ್‌ನಲ್ಲಿ ಹತ್ತು ಋತು ಆಡಿ 2022ರಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಹೋದ. ಅವನಿಗಾಗಿ ಡೆನ್ವರ್ ಡ್ರಾಫ್ಟಿನ ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ ಆಯ್ಕೆಗಳ ಜೊತೆ ಮೂವರು ಆಟಗಾರರನ್ನೂ ಕೊಟ್ಟಿತು, ಮುಂದಿನ ಲೈನ್ ಕಟ್ಟಲು ಕೈಯಲ್ಲಿ ಏನೂ ಉಳಿಯಲಿಲ್ಲ. ಕೋಚ್ ಹೊಸಬ, ಋತು ಮುಗಿಯುವ ಮೊದಲೇ ವಜಾ. ವಿಲ್ಸನ್‌ನನ್ನು ಎದುರಾಳಿಗಳು 55 ಸಲ ಕೆಡವಿದರು. ತಂಡ 5–12. ಅವನನ್ನು ಕಳೆದುಕೊಂಡ ಸಿಯಾಟಲ್ 9–8ರಲ್ಲಿ ಪ್ಲೇಆಫ್ ಸೇರಿತು. ಅದೇ ವರ್ಷ ಅಟ್ಲಾಂಟಾದಿಂದ ಇಂಡಿಯಾನಾಪೊಲಿಸ್‌ಗೆ ಹೋದ ಮ್ಯಾಟ್ ರಯಾನ್ ಗತಿಯೂ ಇದೇ, 4 ಗೆಲುವು, 12 ಸೋಲು, ಒಂದು ಸಮ, ನಡುವೆ ಬೆಂಚು.

ನಿಮ್ಮ ಪಕ್ಷಕ್ಕೂ ಒಂದು ಗಟ್ಟಿ ಸಾಕ್ಷಿ ಇದೆ. ಜಾನ್ ಎಲ್ವೇ ಡೆನ್ವರ್ ಬಿಡಲಿಲ್ಲ, 37 ಮತ್ತು 38ನೇ ವಯಸ್ಸಿನಲ್ಲಿ ಎರಡು ಸೂಪರ್ ಬೌಲ್ ಗೆದ್ದ. ಅವನು ಇದ್ದಲ್ಲೇ ಇದ್ದ, ತಂಡ ಅವನ ಸುತ್ತ ಬದಲಾಯಿತು. 1995ರಲ್ಲಿ ಆರನೇ ಸುತ್ತಿನಲ್ಲಿ ಸಿಕ್ಕ ಟೆರೆಲ್ ಡೇವಿಸ್ ಎಂಬ ಓಟಗಾರ ಅವನ ಭುಜದ ಭಾರ ಇಳಿಸಿದ. ಡ್ಯಾನ್ ಮರೀನೊಗೆ ಆ ಭಾಗ್ಯ ಇರಲಿಲ್ಲ. ಮಯಾಮಿಯಲ್ಲಿ 17 ಋತು ಆಡಿದ, ಎರಡನೆಯ ಋತುವಿನಲ್ಲಿ ಕಂಡ ಸೂಪರ್ ಬೌಲ್ ಅಂಗಳವನ್ನು ಮತ್ತೆ ಕಾಣಲಿಲ್ಲ. ನಿಮ್ಮ 38ರ ಆಟಗಾರನ ತಂಡ ಈ ವರ್ಷ ಲೈನಿಗೆ ಹಣ ಹಾಕುತ್ತಿದೆಯೋ, ಡ್ರಾಫ್ಟಿನಲ್ಲಿ ಎಳೆಯರನ್ನು ಕೂಡಿಸಿಕೊಂಡು ಐದು ವರ್ಷದ ಲೆಕ್ಕ ಹಾಕುತ್ತಿದೆಯೋ ನೋಡಿ. ಎರಡನೆಯದಾದರೆ ಅವನು ಅಲ್ಲಿ ಇದ್ದು ಮಾಡುವುದೇನೂ ಇಲ್ಲ.

ಪ್ರಶ್ನೆ (ಸಿಂಧನೂರು): ವಯಸ್ಸಾದ ಆಟಗಾರನ ತೋಳು ಮುಗಿದಿದೆಯೋ, ತಂಡ ಕೆಟ್ಟಿದೆಯೋ ಎಂದು ಅಂಕಿಗಳಲ್ಲಿ ಗುರುತಿಸುವುದು ಹೇಗೆ? ಟಚ್‌ಡೌನ್ ಲೆಕ್ಕ ಸಾಕೆ?

ಉತ್ತರ: ಸಾಲದು. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು, ಅದರ ಲೆಕ್ಕ ಮೋಸ ಮಾಡುತ್ತದೆ. 99 ಗಜ ತಂಡವೇ ಓಡಿ ಬಂದು ಕೊನೆಯ ಒಂದು ಗಜ ಇವನು ಎಸೆದರೂ ಒಂದೇ, ಇವನೇ 80 ಗಜ ಎಸೆದರೂ ಒಂದೇ. ಮೊದಲು ನೋಡಬೇಕಾದದ್ದು ಒಂದು ಎಸೆತಕ್ಕೆ ಎಷ್ಟು ಗಜ ಎಂಬುದು. ಒಟ್ಟು ಪಾಸಿಂಗ್ ಗಜಗಳನ್ನು ಒಟ್ಟು ಎಸೆತಗಳಿಂದ ಭಾಗಿಸಿ. ಲೀಗಿನಲ್ಲಿ 7ರ ಆಸುಪಾಸು ಸಾಮಾನ್ಯ. 7.5 ದಾಟಿದರೆ ಚೆನ್ನ, 6.5ಕ್ಕಿಂತ ಕೆಳಗಿಳಿದರೆ ಏನೋ ಕೆಟ್ಟಿದೆ.

ಏನು ಕೆಟ್ಟಿದೆ ಎಂಬುದನ್ನು ಮಾತ್ರ ಆ ಅಂಕಿ ಹೇಳುವುದಿಲ್ಲ, ಜನ ಎಡವುವುದು ಇಲ್ಲೇ. 2019ರಲ್ಲಿ ಬ್ರೇಡಿ 613 ಎಸೆತಗಳಲ್ಲಿ 4,057 ಗಜ ಎಸೆದಿದ್ದ, ಸರಾಸರಿ 6.6. ‘ಮುದುಕ ಮುಗಿದ’ ಎಂದರು. ಮರುವರ್ಷ ಟ್ಯಾಂಪಾದಲ್ಲಿ 610 ಎಸೆತಕ್ಕೆ 4,633, ಸರಾಸರಿ 7.6. ತೋಳು ಅದೇ, ವಯಸ್ಸು ಒಂದು ಹೆಚ್ಚು, ಬದಲಾದದ್ದು ಹಿಡಿಯುವವರು. ಬ್ರೆಟ್ ಫಾರ್ವ್‌ದು ಇನ್ನೂ ವಿಚಿತ್ರ. 2008ರಲ್ಲಿ ಜೆಟ್ಸ್‌ಗೆ ಆಡುವಾಗ 6.7, 22 ಟಚ್‌ಡೌನ್‌ಗೆ 22 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಹೋದ ಎಸೆತ). ಮರುವರ್ಷ 40ನೇ ವಯಸ್ಸಿನಲ್ಲಿ ವೈಕಿಂಗ್ಸ್‌ಗೆ 7.9, 33 ಟಚ್‌ಡೌನ್‌ಗೆ ಬರೀ 7. ಜೆಟ್ಸ್ ಋತುವಿನ ಕೊನೆಗೆ ಅವನ ತೋಳಿನ ಬೈಸೆಪ್ಸ್ ಸ್ನಾಯುರಜ್ಜು ಹರಿದಿತ್ತು. ಅದು ಗಾಯವಾಗಿತ್ತೇ ಹೊರತು ಮುಪ್ಪಲ್ಲ.

ನಿಜವಾದ ಮುಪ್ಪು ಹೇಗಿರುತ್ತದೆ ಎಂದರೆ ಬೆನ್ ರಾತ್‌ಲಿಸ್‌ಬರ್ಗರ್‌ನ 2021 ನೋಡಿ. 605 ಎಸೆತ, 3,740 ಗಜ, ಸರಾಸರಿ 6.2. ಇಂಟರ್‌ಸೆಪ್ಷನ್ ಹತ್ತೇ, ಅಂದರೆ ಬುದ್ಧಿ ಚುರುಕಾಗಿಯೇ ಇದೆ, ಆದರೆ ದೂರ ಎಸೆಯುವುದನ್ನೇ ಬಿಟ್ಟಿದ್ದಾನೆ. ಚೆಂಡನ್ನು ಬೇಗ ಕೈಬಿಟ್ಟು ಹತ್ತಿರದವನಿಗೆ ತಳ್ಳುತ್ತಾನೆ. ಆ ಋತು ಮುಗಿಸಿ ನಿವೃತ್ತನಾದ, ಪಿಟ್ಸ್‌ಬರ್ಗ್ ಬಿಡದೆಯೇ. ಅದು ಸರಿಯಾದ ತೀರ್ಮಾನ.

ಹಾಗಾಗಿ ಸರಾಸರಿ ಇಳಿದಾಗ ಪಂದ್ಯದಲ್ಲಿ ಕಣ್ಣಾರೆ ನೋಡಬೇಕಾದ್ದು ಬದಿಗೆರೆಯತ್ತ 15 ಗಜ ಆಚೆಗೆ ಅಡ್ಡಲಾಗಿ ಎಸೆಯುವ ಚೆಂಡು. ಅದು ಗಾಳಿಯಲ್ಲಿ ತೇಲತೊಡಗಿ ಕಾವಲುಗಾರ ಮಧ್ಯೆ ಬಂದು ಕೈ ಹಾಕುವಂತಾದರೆ ತೋಳಿನ ಕಸುವು ಹೋಗಿದೆ. ಎಸೆತ ಗಟ್ಟಿಯಾಗಿದ್ದೂ ಹಿಡಿಯುವವನಿಗೆ ಕಾವಲುಗಾರನಿಂದ ಬಿಡಿಸಿಕೊಳ್ಳಲು ಆಗದಿದ್ದರೆ, ಇಲ್ಲವೇ ಎಸೆಯುವ ಮೊದಲೇ ಇವನು ನೆಲಕ್ಕೆ ಬೀಳುತ್ತಿದ್ದರೆ, ದೋಷ ತಂಡದ್ದು. ಮೊದಲನೆಯದಕ್ಕೆ ತಂಡ ಬದಲಿಸಿ ಪ್ರಯೋಜನವಿಲ್ಲ, ಎರಡನೆಯದಕ್ಕೆ ಅದೇ ಮದ್ದು.

ಒಂದು ಅಪವಾದ ಸೇರಿಸದಿದ್ದರೆ ಯಾರಾದರೂ ಕಾಗದ ಬರೆದೇ ಬರೆಯುತ್ತೀರಿ. ಪೇಟನ್ ಮ್ಯಾನಿಂಗ್ 2015ರಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್ ಎಸೆದೂ ಸೂಪರ್ ಬೌಲ್ ಗೆದ್ದ, ವಯಸ್ಸು 39. ಗೆಲ್ಲಿಸಿದ್ದು ವಾನ್ ಮಿಲ್ಲರ್‌ನ ಡೆನ್ವರ್ ಡಿಫೆನ್ಸ್. ಪ್ಯಾಂಥರ್ಸ್ ಬರೀ 10 ಅಂಕಕ್ಕೆ ಮುದುರಿಕೊಂಡಿತು.

ಪ್ರಶ್ನೆ (ತೋರಣಗಲ್ಲು): ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವನು. ಆಟಗಾರ ಹೋದ ಮೇಲೂ ಹಳೆಯ ತಂಡದ ಖಾತೆಯಲ್ಲಿ ಕೋಟಿಗಟ್ಟಲೆ ‘ಡೆಡ್ ಮನಿ’ ತೋರಿಸುತ್ತಾರೆ. ಹೋದವನಿಗೆ ಯಾಕೆ ಸಂಬಳ?

ಉತ್ತರ: ಸಂಬಳವನ್ನು ಕೊಟ್ಟಾಗಿದೆ, ಪುಸ್ತಕದಲ್ಲಿ ಬರೆಯುವುದು ಬಾಕಿ ಇದೆ, ಅಷ್ಟೆ. ಯಂತ್ರವೊಂದನ್ನು ನಗದು ಕೊಟ್ಟು ತಂದು ಸವಕಳಿಯನ್ನು ಐದು ವರ್ಷಕ್ಕೆ ಹಂಚುತ್ತೀರಲ್ಲ, ಹಾಗೆ.

ಲೀಗಿನಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ, ಸ್ಯಾಲರಿ ಕ್ಯಾಪ್. 2025ಕ್ಕೆ ಅದು 27.92 ಕೋಟಿ ಡಾಲರ್. ಆಟಗಾರ ಸಹಿ ಹಾಕಿದಾಗ ಕೊಡುವ ಸೈನಿಂಗ್ ಬೋನಸ್ಸನ್ನು ಗರಿಷ್ಠ ಐದು ವರ್ಷಕ್ಕೆ ಸಮನಾಗಿ ಹಂಚಿ ಬರೆಯಬಹುದು. 5 ಕೋಟಿ ಬೋನಸ್ ಕೊಟ್ಟರೆ ವರ್ಷಕ್ಕೆ 1 ಕೋಟಿ. ಎರಡು ಋತು ಆಡಿಸಿ ಮಾರ್ಚ್‌ನಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟರೆ ಉಳಿದ 3 ಕೋಟಿಯೂ ಒಮ್ಮೆಲೇ ಆ ವರ್ಷದ ಲೆಕ್ಕಕ್ಕೆ ಬಂದು ಕೂರುತ್ತದೆ. ಜೂನ್ 1ರ ನಂತರ ಕೊಟ್ಟರೆ ಈ ವರ್ಷ 1 ಕೋಟಿ, ಬರುವ ವರ್ಷ 2 ಕೋಟಿ. ಹಾಗಾದರೆ ಎಲ್ಲರೂ ಜೂನ್‌ವರೆಗೆ ಕಾಯಬಾರದೇಕೆ? ಡ್ರಾಫ್ಟ್ ಏಪ್ರಿಲ್ ಕೊನೆಗೆ. ಕಾದರೆ ಆ ವರ್ಷದ ಆಯ್ಕೆಗಳು ಕೈತಪ್ಪುತ್ತವೆ, ಕೊಳ್ಳುವ ತಂಡವೂ ಅಷ್ಟರಲ್ಲಿ ಬೇರೊಬ್ಬನನ್ನು ಹುಡುಕಿಕೊಂಡಿರುತ್ತದೆ. ಮಾರಾಟವಲ್ಲದೆ ಸುಮ್ಮನೆ ಬಿಡುಗಡೆ ಮಾಡುವುದಾದರೆ ಮಾತ್ರ ವರ್ಷಕ್ಕೆ ಇಬ್ಬರನ್ನು ಮಾರ್ಚ್‌ನಲ್ಲೇ ಬಿಟ್ಟು ಜೂನ್ 1ರ ನಂತರದ ಲೆಕ್ಕದಲ್ಲಿ ಬರೆಯುವ ಸವಲತ್ತಿದೆ. ಡೆನ್ವರ್ 2024ರಲ್ಲಿ ವಿಲ್ಸನ್‌ನನ್ನು ಬಿಟ್ಟದ್ದು ಹೀಗೆ. ಒಟ್ಟು 8.5 ಕೋಟಿ ಡಾಲರ್ ಡೆಡ್ ಮನಿ, ಆ ವರ್ಷ 5.3, ಮರುವರ್ಷ 3.2. ಅಟ್ಲಾಂಟಾಗೆ ರಯಾನ್‌ನಿಂದ, ಗ್ರೀನ್ ಬೇಗೆ ಏರನ್ ರಾಜರ್ಸ್‌ನಿಂದ ಬಂದ ಹೊರೆ ತಲಾ ಸುಮಾರು 4 ಕೋಟಿ.

ಹೊರಡುವವನಿಗೂ ಕೆಲವು ಗಂಟುಗಳಿವೆ. ಒಪ್ಪಂದ ಮುಗಿದಿದ್ದರೂ ತಂಡ ಅವನ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿ ಒಂದು ವರ್ಷ ಹಿಡಿದಿಡಬಹುದು. ಬ್ರೇಡಿ 2019ರಲ್ಲೇ ‘ಟ್ಯಾಗ್ ಹಾಕುವಂತಿಲ್ಲ’ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದ, ಮರುವರ್ಷ ಸಲೀಸಾಗಿ ಹೊರಟ. ಪೇಟ್ರಿಯಟ್ಸ್ ಖಾತೆಯಲ್ಲಿ 1.35 ಕೋಟಿ ಡೆಡ್ ಮನಿ ಉಳಿಯಿತು. ಒಪ್ಪಂದ ಇನ್ನೂ ಬಾಕಿ ಇದ್ದರೆ ನೋ-ಟ್ರೇಡ್ ಷರತ್ತು ಇರಬೇಕು. ಅದು ಇಲ್ಲದವನನ್ನು ತಂಡ ತನಗೆ ಬೇಕಾದ ಕಡೆ ಕಳಿಸುತ್ತದೆ. ಮತ್ತೆ ವೈದ್ಯಕೀಯ ಪರೀಕ್ಷೆ: ಹೊಸ ತಂಡದ ವೈದ್ಯರು ಒಪ್ಪದಿದ್ದರೆ ಟ್ರೇಡ್ ರದ್ದು. ಕೊಳ್ಳುವವರು ಷರತ್ತಿನ ಬೆಲೆ ಹಾಕುವುದೂ ಉಂಟು. 2023ರಲ್ಲಿ ರಾಜರ್ಸ್‌ಗಾಗಿ ಜೆಟ್ಸ್ ಕೊಟ್ಟ 2024ರ ಎರಡನೇ ಸುತ್ತಿನ ಆಯ್ಕೆ, ಅವನು ಶೇ 65ರಷ್ಟು ಆಟ ಆಡಿದರೆ ಮೊದಲ ಸುತ್ತಿನದಾಗುವುದಿತ್ತು. ಮೊದಲ ಪಂದ್ಯದಲ್ಲಿ ತಾನಾಡಿದ ನಾಲ್ಕನೆಯ ಆಟಕ್ಕೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಹೊರನಡೆದ. ಜೆಟ್ಸ್‌ಗೆ ಮೊದಲ ಸುತ್ತು ಉಳಿಯಿತು, ಋತು ಹೋಯಿತು.

ಪ್ರಶ್ನೆ (ಗಂಗಾವತಿ): ತಂಡ ಅವನ ಜಾಗಕ್ಕೆ ಎಳೆಯನನ್ನು ತಂದು ಕೂರಿಸಿದರೆ ಅದು ‘ಹೊರಡು’ ಎಂಬ ಸೂಚನೆಯೇ?

ಉತ್ತರ: ಮೊದಲ ಸುತ್ತಿನಲ್ಲಿ ತಂದರೆ ಹೌದು. ಮೂರನೇ ಸುತ್ತಿನಾಚೆಗೆ ತಂದರೆ ಅದು ಬರೀ ಮುನ್ನೆಚ್ಚರಿಕೆ. ಆದರೆ ಸೂಚನೆ ಬಂದ ದಿನವೇ ಹೊರಡಬೇಕಿಲ್ಲ. ಗ್ರೀನ್ ಬೇ 2005ರಲ್ಲಿ ರಾಜರ್ಸ್‌ನನ್ನು ತಂದಿತು, ಫಾರ್ವ್ ಹೊರಟದ್ದು 2008ರಲ್ಲಿ. 2020ರಲ್ಲಿ ಜೋರ್ಡನ್ ಲವ್‌ನನ್ನು ತಂದಿತು, ಮುನಿಸಿಕೊಂಡ ರಾಜರ್ಸ್ ಆ ವರ್ಷವೂ ಮರುವರ್ಷವೂ ಎಂವಿಪಿ (ಲೀಗಿನ ವರ್ಷದ ಶ್ರೇಷ್ಠ ಆಟಗಾರ) ಆದ, ಹೋದದ್ದು 2023ರಲ್ಲಿ. ಜೋ ಮೊಂಟಾನ ನಾಲ್ಕು ಸೂಪರ್ ಬೌಲ್ ಗೆದ್ದವನು. ಮೊಣಕೈ ಗಾಯದಿಂದ 1991 ಪೂರ್ತಿ ಹೊರಗಿದ್ದಾಗ ಜಾಗ ಸ್ಟೀವ್ ಯಂಗ್ ಪಾಲಾಯಿತು, 1992ಕ್ಕೆ ಯಂಗ್ ಎಂವಿಪಿ. 1993ರಲ್ಲಿ ಮೊಂಟಾನ ಕಾನ್ಸಾಸ್ ಸಿಟಿಗೆ ಹೋದ, ಅದೇ ಋತುವಿನಲ್ಲಿ ಆ ತಂಡವನ್ನು ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನವರೆಗೆ ಒಯ್ದ. ಯಂಗ್ 1995ರ ಜನವರಿಯಲ್ಲಿ ಆರು ಟಚ್‌ಡೌನ್ ಎಸೆದು ಸೂಪರ್ ಬೌಲ್ ಗೆದ್ದ. ಯಾರಿಗೂ ನಷ್ಟವಾಗಲಿಲ್ಲ.

ಹೊರಡುವವನು ಬೇಗ ಹೊರಡಬೇಕು, ಇದು ಮುಖ್ಯ. ಹೊಸ ತಂಡದಲ್ಲಿ ಆಟಗಳ ಹೆಸರು ಬೇರೆ, ಲೈನಿನವರಿಗೆ ಅವನ ಕೂಗಿನ ಲಯ ಹೊಸದು. ಅದಕ್ಕಿಂತ ಮೊದಲೇ ಯಾರಾದರೂ ಅಲುಗಾಡಿದರೆ 5 ಗಜ ದಂಡ. ಮಾರ್ಚ್‌ನಲ್ಲಿ ಸೇರಿದವನಿಗೆ ಇದನ್ನೆಲ್ಲ ಕಲಿಯಲು ಬೇಸಿಗೆ ಇಡೀ ಇದೆ, ಜುಲೈ ಕೊನೆಗೆ ಶಿಬಿರ. ಫಾರ್ವ್ ಜೆಟ್ಸ್‌ಗೆ ಬಂದದ್ದು ಆಗಸ್ಟ್‌ನಲ್ಲಿ, 8–3ರಲ್ಲಿದ್ದ ತಂಡ 9–7ಕ್ಕೆ ಮುಗ್ಗರಿಸಿತು. ಮರುವರ್ಷ ವೈಕಿಂಗ್ಸ್‌ಗೂ ಆಗಸ್ಟ್‌ನಲ್ಲೇ ಬಂದ, ಆದರೂ ಕುದುರಿತು. ಅಲ್ಲಿನ ಆಫೆನ್ಸ್ ಕೋಚ್ ಡ್ಯಾರೆಲ್ ಬೆವೆಲ್ ಹಿಂದೆ ಗ್ರೀನ್ ಬೇಯಲ್ಲಿ ಇವನದೇ ಕೋಚ್ ಆಗಿದ್ದವನು, ಆಟದ ಭಾಷೆ ಬಾಯಿಪಾಠವಾಗಿತ್ತು.

ಪ್ರಶ್ನೆ (ಕುಷ್ಟಗಿ): ನಮ್ಮ ಕಬಡ್ಡಿ ತಂಡದ ಹಿರಿಯ ರೈಡರ್ ಪಕ್ಕದ ತಾಲ್ಲೂಕಿನ ತಂಡಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾರೆ. ಇದೇ ಅಳತೆಗೋಲು ನಡೆಯುತ್ತದೆಯೇ?

ಉತ್ತರ: ಅರ್ಧ ನಡೆಯುತ್ತದೆ. ರೈಡಿಗೆ ಅವರು ಒಬ್ಬರೇ ಹೋಗುತ್ತಾರೆ ನಿಜ, ಆದರೆ ಔಟಾಗಿ ಹೊರಗೆ ಕೂತರೆ ಒಳಗೆ ಕರೆತರುವುದು ತಂಡ ಗಳಿಸುವ ಪಾಯಿಂಟು. ಹಾಗಾಗಿ ಆಫೆನ್ಸಿವ್ ಲೈನಿನ ಜಾಗದಲ್ಲಿ ಹೊಸ ತಂಡದ ಎಡ-ಬಲ ಕಾರ್ನರ್‌ಗಳನ್ನು ನೋಡಲಿ. ಅವರು ಸಡಿಲವಾಗಿದ್ದರೆ ನಿಮ್ಮ ರೈಡರ್ ಪಂದ್ಯದ ಅರ್ಧ ಹೊತ್ತು ಗೆರೆಯಾಚೆ ಕೂರಬೇಕಾಗುತ್ತದೆ.

ನಿಮ್ಮ ಪ್ರಶ್ನೆಯ ಇನ್ನೊಂದು ಮುಖ ಹಿಂದೆ ಉಳಿಯುವ ಎರಡನೇ ರೈಡರ್ ಯಾರು ಎಂಬುದು. ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟ ಪವನ್ ಸೆಹ್ರಾವತ್‌ರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ರಾಜರ್ಸ್‌ನ ಹಾಗೆಯೇ ಮೊದಲ ಪಂದ್ಯದಲ್ಲೇ ಗಾಯ, ಇವರದು ಮೊಣಕಾಲು. ಆದರೆ ನರೇಂದರ್ ಎಂಬ ಎಳೆಯ ರೈಡರ್ ಹೊತ್ತುಕೊಂಡು ತಲೈವಾಸ್ ಸೆಮಿಫೈನಲ್ ತಲುಪಿತು. ರಾಜರ್ಸ್ ಇಲ್ಲದ ಜೆಟ್ಸ್‌ಗೆ ಅಂಥವನಿರಲಿಲ್ಲ, 7–10.

ಪ್ರಶ್ನೆ (ರಾಯಚೂರು): ಮೆಚ್ಚಿನ ಆಟಗಾರ ಹೋದರೆ ಅಭಿಮಾನಿಯೂ ತಂಡ ಬದಲಿಸಬೇಕೆ?

ಉತ್ತರ: ಡೆಟ್ರಾಯಿಟ್‌ನವರು ಎರಡೂ ಮಾಡಿದರು. ಸ್ಟಾಫರ್ಡ್ ರಾಮ್ಸ್‌ಗೆ ಗೆದ್ದಾಗ ಅಲ್ಲಿ ಬಹಳ ಜನ ಖುಷಿಪಟ್ಟರು. 2024ರ ಜನವರಿಯಲ್ಲಿ ಅವನೇ ಎದುರಾಳಿಯಾಗಿ ಡೆಟ್ರಾಯಿಟ್‌ಗೆ ಪ್ಲೇಆಫ್ ಆಡಲು ಬಂದಾಗ ಅದೇ ಊರು ಅವನನ್ನು ಹೂಯ್ಯೆಂದು ಕೂಗಿ, ಅವನ ಬದಲು ಬಂದಿದ್ದ ಜೇರೆಡ್ ಗಾಫ್ ಹೆಸರಿನ ಜೈಕಾರ ಹಾಕಿತು. ಲಯನ್ಸ್ 24–23ರಲ್ಲಿ ಗೆದ್ದಿತು, 32 ವರ್ಷಗಳ ನಂತರದ ಮೊದಲ ಪ್ಲೇಆಫ್ ಗೆಲುವು.

ಪ್ರಶ್ನೆ (ಸಿರುಗುಪ್ಪ): ನನ್ನ ಮಗ ಮಾರ್ಚ್‌ನಲ್ಲಿ ಪರೀಕ್ಷೆ ಇಟ್ಟುಕೊಂಡು ರಾತ್ರಿ ಒಂದೂವರೆಗೆ ಎದ್ದು ಫೋನ್ ನೋಡುತ್ತಾನೆ, ‘ಇವತ್ತು ಅವನು ತಂಡ ಬಿಡುತ್ತಾನಮ್ಮ’ ಎನ್ನುತ್ತಾನೆ. ನಿಜವಾಗಿ ಆ ಹೊತ್ತಿಗೆ ಏನಾದರೂ ನಡೆಯುತ್ತದೆಯೇ?

ಉತ್ತರ: ಮಗ ಸುಳ್ಳು ಹೇಳುತ್ತಿಲ್ಲ ತಾಯಿ. ಮಾರ್ಚ್ ಮಧ್ಯದ ಒಂದು ಬುಧವಾರ ನ್ಯೂಯಾರ್ಕ್‌ನ ಸಂಜೆ 4ಕ್ಕೆ ಲೀಗಿನ ಹೊಸ ವರ್ಷ ಶುರುವಾಗುತ್ತದೆ, ನಮ್ಮಲ್ಲಿ ಆಗ ಗುರುವಾರ ಬೆಳಗಿನ ಜಾವ 1.30. ಸಹಿಗಳು ಅಧಿಕೃತವಾಗುವುದು ಆಗಲೇ. ಆದರೆ ಒಪ್ಪಂದ ಮುಗಿದವರ ಏಜೆಂಟರ ಜೊತೆ ಮಾತುಕತೆಗೆ ಎರಡು ದಿನ ಮೊದಲೇ, ಸೋಮವಾರವೇ, ಅನುಮತಿ ಇರುತ್ತದೆ. ದೊಡ್ಡ ಸುದ್ದಿಗಳೆಲ್ಲ ಆಗಲೇ ಹೊರಬಿದ್ದಿರುತ್ತವೆ. ಬುಧವಾರ ರಾತ್ರಿ ಅವನು ಮಲಗಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಸೂಪರ್ ಬೌಲ್ ಮಾತ್ರ ಫೆಬ್ರವರಿಯ ಸೋಮವಾರ ಬೆಳಗ್ಗೆ 5ಕ್ಕೆ, ಅದೊಂದು ದಿನ ಎಬ್ಬಿಸಿ.